ಕಬ್ಬಿಣದ ರಾಶಿಯ ನಡುವೆ ಒಂದು ಚೂರು ತಾಮ್ರ: ನಾನು ಅಳೆದದ್ದು ಹೀಗೆ

ದ್ರಾವಣದ ತುಂಬಾ ಕಬ್ಬಿಣ. ತಾಮ್ರ ಮಾತ್ರ 50 ಮೈಕ್ರೋಗ್ರಾಂ ಸುಮಾರು. ಸೋಡಿಯಂ ಡೈಈಥೈಲ್‌ಡೈಥಯೋಕಾರ್ಬಮೇಟ್ ಹಾಕಿದರೆ ತಾಮ್ರ ಹಳದಿ-ಕಂದು ಬಣ್ಣಕ್ಕೆ ತಿರುಗಿ, ನೀರು ಬಿಟ್ಟು ಕ್ಲೋರೋಫಾರ್ಮ್‌ಗೆ ಇಳಿಯುತ್ತದೆ. ಆದರೆ ಕಬ್ಬಿಣ, ನಿಕ್ಕೆಲ್, ಕೋಬಾಲ್ಟ್ ಕೂಡ ಹಾಗೇ ಇಳಿಯುತ್ತವಲ್ಲ, ಅದಕ್ಕೆ ಮೊದಲೇ ಲೋಹಗಳನ್ನು ಹಿಡಿದಿಡುವ ಸಿಟ್ರೇಟ್ ಮತ್ತು ಇಡಿಟಿಎ ಹಾಕಿ ಅವನ್ನು ನೀರಿನಲ್ಲೇ ಕಟ್ಟಿಹಾಕಬೇಕು. ಸಿಟ್ರೇಟ್ ಮರೆತರೆ ಅಮೋನಿಯಾ ಬಿದ್ದ ಕೂಡಲೇ ಕಬ್ಬಿಣ ಕಂದು ಗಷ್ಟಾಗಿ ತಳ ಸೇರುತ್ತದೆ.

ಅಮೋನಿಯಾದಿಂದ ಪಿಎಚ್ 8.5ಕ್ಕೆ ತಂದ ಮೇಲೆಯೇ ಕಾರ್ಬಮೇಟ್ ಹಾಕಿ. ಆಮ್ಲದಲ್ಲಿ ಅದು ಬೇಗ ಒಡೆದುಹೋಗುತ್ತದೆ.

ನೀರು 50 ಮಿಲಿ ಇತ್ತು. 20 ಮಿಲಿ ಕ್ಲೋರೋಫಾರ್ಮ್ ಹಾಕಿ ಅರ್ಧ ನಿಮಿಷ ಕುಲುಕಿದೆ. ಗೊತ್ತಿರುವಷ್ಟು ತಾಮ್ರ ನಾನೇ ಸೇರಿಸಿದ್ದ ದ್ರಾವಣ ಅದು, ಆದರೂ ಉತ್ತರ ತುಂಬಾ ಕಡಿಮೆ ಬಂತು. ಒಂದೇ ಸಲ ತೆಗೆದದ್ದು ತಪ್ಪು ಅಂದುಕೊಂಡೆ. ಲೆಕ್ಕವೂ ಹಾಗೇ ಹೇಳುತ್ತದೆ: ವಿತರಣಾ ಅನುಪಾತ (ಕ್ಲೋರೋಫಾರ್ಮ್‌ನಲ್ಲಿನ ಸಾಂದ್ರತೆ ನೀರಿನಲ್ಲಿರುವುದರ ಎಷ್ಟು ಪಟ್ಟು ಅನ್ನುವುದು) 10 ಇದ್ದರೆ 20 ಮಿಲಿಯಲ್ಲಿ ಒಮ್ಮೆಗೇ ತೆಗೆದಾಗ ನೀರಿನಲ್ಲಿ ಶೇ. 20 ಉಳಿಯುತ್ತದೆ, ಅದನ್ನೇ 10 ಮಿಲಿಯಂತೆ ಎರಡು ಸಲ ಮಾಡಿದರೆ ಶೇ. 11 ಮಾತ್ರ. ಹಾಗೇ ಮಾಡಿದೆ, ಸ್ವಲ್ಪ ಸುಧಾರಿಸಿತು, ಆದರೂ ಸರಿಯಾಗಲಿಲ್ಲ.

ಆಮೇಲೆ, ಚೆಲ್ಲಬೇಕಿದ್ದ ನೀರಿಗೇ ಮೂರನೇ ಸಲ ಹೊಸ ಕ್ಲೋರೋಫಾರ್ಮ್ ಹಾಕಿ ನೋಡಿದೆ. ಹಳದಿ! ತಾಮ್ರದ ಈ ಸಂಯುಕ್ತದ ಅನುಪಾತ 10ಕ್ಕಿಂತ ಎಷ್ಟೋ ಪಾಲು ಜಾಸ್ತಿ, ಮೊದಲ ಸಲವೇ ಬಹುಪಾಲು ಬಂದುಬಿಡಬೇಕಿತ್ತು. ಬರದಿದ್ದುದಕ್ಕೆ ಕಾರಣ ಇಡಿಟಿಎ. ಅದು ತಾಮ್ರವನ್ನೂ ಹಿಡಿದುಕೊಂಡಿರುತ್ತದೆ, ಬಿಡುವುದು ನಿಧಾನ. ಅನುಪಾತದ ಲೆಕ್ಕ ನಡೆಯುವುದು ಎರಡೂ ಪದರಗಳ ನಡುವೆ ಸಮತೋಲನ ಬಂದ ಮೇಲೆ, ನಾನು ಅದಕ್ಕೂ ಮೊದಲೇ ಕುಲುಕುವುದನ್ನು ನಿಲ್ಲಿಸುತ್ತಿದ್ದೆ. ಪ್ರತಿ ಸಲ ಎರಡು ನಿಮಿಷ ಪೂರ್ತಿ ಕುಲುಕಿದಾಗ ಮೂರನೆಯದು ಬಣ್ಣವಿಲ್ಲದೆ ಬಂತು, ಸೇರಿಸಿದಷ್ಟು ತಾಮ್ರವೂ ಸಿಕ್ಕಿತು. ಈಗಲೂ ಯಾವುದೇ ಹೊಸ ಮಾದರಿ ಬಂದರೆ ಆ ಮೂರನೇ ಸಲವನ್ನು ನಾನು ಬಿಡುವುದಿಲ್ಲ.

ಕುಲುಕುವಾಗ ಫನಲ್ (ಪದರಗಳನ್ನು ಬೇರ್ಪಡಿಸುವ, ತಳದಲ್ಲಿ ನಲ್ಲಿ ಇರುವ ಗಾಜಿನ ಪಾತ್ರೆ) ತಲೆಕೆಳಗೆ ಮಾಡಿ ಆಗಾಗ ನಲ್ಲಿ ತೆರೆದು ಒಳಗಿನ ಒತ್ತಡ ಬಿಡಿ, ಇಲ್ಲದಿದ್ದರೆ ಮುಚ್ಚಳ ಹಾರುತ್ತದೆ. ಎಲ್ಲವೂ ಫ್ಯೂಮ್ ಹುಡ್ ಒಳಗೇ ಆಗಬೇಕು, ಕ್ಲೋರೋಫಾರ್ಮ್ ಆವಿ ಒಳ್ಳೆಯದಲ್ಲ. ಕೆಳಗಿನ ಪದರವನ್ನು ನೀರಿಲ್ಲದ ಸೋಡಿಯಂ ಸಲ್ಫೇಟ್ ಮೇಲೆ ಹಾಯಿಸಿ 25 ಮಿಲಿಗೆ ತುಂಬಿಸಿ. ಒಂದು ಹನಿ ನೀರು ಉಳಿದರೂ ಮಸುಕಾಗಿ, ಸುಮ್ನೆ ರೀಡಿಂಗ್ ಏರುತ್ತದೆ. 436 ನ್ಯಾನೋಮೀಟರ್‌ನಲ್ಲಿ, 1 ಸೆಂಮೀ ಕ್ಯುವೆಟ್‌ನಲ್ಲಿ 50 ಮೈಕ್ರೋಗ್ರಾಂ ತಾಮ್ರಕ್ಕೆ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಅಳತೆ) ಸುಮಾರು 0.4 ಬರುತ್ತದೆ. ಬೆಳಕಿಗೆ ಬಣ್ಣ ಮಾಸುತ್ತದೆ, ಬೇಗ ಓದಿ.

ಬ್ಲ್ಯಾಂಕ್ (ಮಾದರಿಯಿಲ್ಲದೆ, ಉಳಿದದ್ದೆಲ್ಲ ಹಾಕಿ ಮಾಡಿದ್ದು) ಕೂಡ ಹಳದಿ ಕಂಡರೆ ನಿಮ್ಮ ಸಿಟ್ರೇಟ್‌ನಲ್ಲೋ ಅಮೋನಿಯಾದಲ್ಲೋ ತಾಮ್ರ ಇದೆ ಅಂತ ಅರ್ಥ. ಸಿಟ್ರೇಟ್-ಇಡಿಟಿಎ ದ್ರಾವಣಕ್ಕೆ ಚೂರು ಕಾರ್ಬಮೇಟ್ ಹಾಕಿ, ಕ್ಲೋರೋಫಾರ್ಮ್ ಬಣ್ಣವಿಲ್ಲದೆ ಬರುವ ತನಕ ತೊಳೆದು ಇಟ್ಟುಕೊಂಡರೆ ಆಯಿತು.