ಡಿಸೆಂಬರ್ ಕಂತು ತಪ್ಪಿಸದೆ ಕ್ರಿಸ್ಮಸ್ ಮಾಡುವುದು

ಸಾಲ ಇರುವ ಮನೆಗಳಲ್ಲಿ ಡಿಸೆಂಬರ್ ಬಂದ ಕೂಡಲೇ ಕೇಳುವ ಮಾತು ಒಂದು ಉಂಟು. "ಈ ತಿಂಗಳು ಹಬ್ಬ ಅಲ್ವಾ, ಕಂತು ಜನವರಿಯಲ್ಲಿ ಒಟ್ಟಿಗೆ ಕಟ್ಟಿದರಾಯಿತು." ದಯವಿಟ್ಟು ಆ ಮಾತಿಗೆ ಮನೆಯಲ್ಲಿ ಜಾಗ ಕೊಡಬೇಡಿ. ಜನವರಿಯಲ್ಲಿ ದುಡ್ಡು ಎಲ್ಲಿಂದ ಬರಬೇಕು? ನಮ್ಮ ಮಂಗಳೂರು ಕಡೆಯ ಕ್ರೈಸ್ತರು ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲದ ನಾಲ್ಕು ವಾರ ಮದುವೆ ಇಡುವುದಿಲ್ಲ. ಹಾಗಾಗಿ ಹಬ್ಬ ಮುಗಿದದ್ದೇ ತಡ, ಗಲ್ಫಿನಿಂದ ರಜೆಗೆ ಬಂದವರು ವಾಪಸ್ ಹೋಗುವ ಮೊದಲೇ ಆಗಬೇಕು ಅಂತ ರೋಸು (ಮದುವೆಗೆ ಮುಂಚಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮದುವೆ ಎಲ್ಲ ಸಾಲಾಗಿ ಬರುತ್ತವೆ. ಒಂದೊಂದಕ್ಕೂ ಲಕೋಟೆ, ಸೀರೆ, ರಿಕ್ಷಾ ಬಾಡಿಗೆ. ಜನವರಿ ಕೊನೆಗೆ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆ. ಡಿಸೆಂಬರ್‌ನಲ್ಲಿ ತಪ್ಪಿದ ಕಂತು ಜನವರಿಯಲ್ಲೂ ತಪ್ಪುತ್ತದೆ, ದಂಡ ಬೇರೆ ಬೀಳುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟೇ. ಸಂಬಳ ಬಂದ ದಿನ ಕಂತು ಮೊದಲು. ಆಮೇಲೆ ಅಕ್ಕಿ, ಕರೆಂಟು ಬಿಲ್ಲು, ಔಷಧ, ಮಕ್ಕಳ ವ್ಯಾನು. ಉಳಿದದ್ದರಲ್ಲಿ ಹಬ್ಬ. ಉಳಿದದ್ದು ಕಮ್ಮಿ ಅಂತ ಕಂಡರೆ ಹಬ್ಬ ಸಣ್ಣದಾಗಲಿ, ಕಂತು ಸಣ್ಣದಾಗುವುದು ಬೇಡ.

ಮೊದಲು ಸಾಲ ಎಷ್ಟು ಅಂತ ಬರೆಯಿರಿ. ಮೊಬೈಲಿನಲ್ಲಿ ಅಲ್ಲ, ಒಂದು ಹಾಳೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಕೂತು. ಯಾರಿಗೆ ಎಷ್ಟು ಕೊಡಬೇಕು, ತಿಂಗಳಿಗೆ ಬಡ್ಡಿ ಎಷ್ಟು, ಕೊನೆಯ ತಾರೀಕು ಯಾವುದು. ಕಾರ್ಡು, ಬೈಕಿನ ಸಾಲ, ಅಡವಿಟ್ಟ ಬಂಗಾರ, ಸಂಘದ ವಾರದ ಕಂತು, ಅಣ್ಣನ ಹತ್ತಿರ ತಂದ ಕೈಸಾಲ, ಜಿನಸಿನ ಅಂಗಡಿಯ ಬಾಕಿ ಸಮೇತ ಎಲ್ಲ ಅದರಲ್ಲಿ ಬರಬೇಕು. ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡ ಸಾಲ ಇದ್ದರೆ ಅದೂ ಆಗಲೇ ಹೊರಗೆ ಬರಲಿ. ಆ ಒಂದು ಸಂಜೆ ಸ್ವಲ್ಪ ಕಷ್ಟ ಆಗುತ್ತದೆ. ಪರವಾಗಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕ್ರೆಡಿಟ್ ಕಾರ್ಡಿನ ಬಾಕಿ. ಲೆಕ್ಕ ನೋಡಿ. ಕಾರ್ಡಿನಲ್ಲಿ 40,000 ರೂಪಾಯಿ ಬಾಕಿ ಉಂಟು, ಬಡ್ಡಿ ತಿಂಗಳಿಗೆ ನೂರಕ್ಕೆ 3.5 ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಬಡ್ಡಿಯೇ 1,400 ಆಯಿತು. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 252. ನೀವು 2,000 ಕಟ್ಟಿ "ಈ ತಿಂಗಳದ್ದು ಆಯಿತು" ಅಂತ ಸಮಾಧಾನ ಮಾಡಿಕೊಂಡರೆ ಅಸಲಿನಿಂದ ಕಡಿಮೆಯಾದದ್ದು 348 ರೂಪಾಯಿ ಮಾತ್ರ! ಅದೇ ಹೇಗೋ ಹೊಂದಿಸಿ 6,000 ಕಟ್ಟಿದರೆ 4,348 ಇಳಿಯುತ್ತದೆ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಹಿಂದಿನ ಬಾಕಿ ಪೂರ್ತಿ ತೀರಿಸದೆ ಅದೇ ಕಾರ್ಡಿನಲ್ಲಿ ಹಬ್ಬದ ಬಟ್ಟೆ ತೆಗೆದರೆ, ಆ ಬಟ್ಟೆಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಬಡ್ಡಿ ಇಲ್ಲದ ನಲವತ್ತೈದು ದಿನ ಅಂತ ಹೇಳುತ್ತಾರಲ್ಲ, ಅದು ಬಾಕಿ ಇಲ್ಲದವರಿಗೆ. ಹಾಗಾಗಿ ಕಾರ್ಡನ್ನು ಪರ್ಸಿನಿಂದ ತೆಗೆದು ಕಪಾಟಿನಲ್ಲಿಡಿ, ಆನ್‌ಲೈನ್ ಅಂಗಡಿಗಳಲ್ಲಿ ಸೇವ್ ಮಾಡಿದ್ದರೆ ಅಳಿಸಿ. ಬಡ್ಡಿ ಇಲ್ಲದ ಕಂತು ಅಂತ ಟಿವಿ, ಫೋನು ಕೊಡುತ್ತಾರೆ. ಅಲ್ಲಿ ಪ್ರೊಸೆಸಿಂಗ್ ಫೀಸು ಎಷ್ಟು, ರೊಕ್ಕ ಕೊಟ್ಟರೆ ಎಷ್ಟು ಕಮ್ಮಿ ಮಾಡುತ್ತಾರೆ ಅಂತ ಎರಡೂ ಕೇಳಿ. ಮೊಬೈಲ್ ಆ್ಯಪಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲದ ಕಡೆ ತಲೆ ಹಾಕಲೇಬೇಡಿ.

ಮನೆಯಲ್ಲಿ ಬಂಗಾರ ಇದ್ದರೆ ಅದನ್ನು ಬ್ಯಾಂಕಿನಲ್ಲಿಟ್ಟು ಕಾರ್ಡಿನ ಸಾಲ ತೀರಿಸುವುದು ತಪ್ಪಲ್ಲ, ನನ್ನ ಪ್ರಕಾರ ಜಾಣತನ. ವರ್ಷಕ್ಕೆ ನೂರಕ್ಕೆ 10ರ ಲೆಕ್ಕದಲ್ಲಿ 40,000ಕ್ಕೆ ತಿಂಗಳ ಬಡ್ಡಿ 333 ರೂಪಾಯಿ ಆಗುತ್ತದೆ. ಎಲ್ಲಿ 1,652, ಎಲ್ಲಿ 333! ಆದರೆ ಬಳೆ ಇಟ್ಟು ಮರೆಯಬಾರದು. ಹೆಚ್ಚಿನ ಕಡೆ ವರ್ಷದ ಗಡುವು ಇರುತ್ತದೆ, ಅದು ದಾಟಿದರೆ ಹರಾಜಿನ ನೋಟೀಸು ಬರುತ್ತದೆ. ನಡುವೆ ಕೈಯಲ್ಲಿ ಎರಡು ಸಾವಿರ ಇದ್ದರೆ ಅಷ್ಟನ್ನೇ ಕಟ್ಟಿ ಅಸಲು ಇಳಿಸಬಹುದಾ ಅಂತ ಇಡುವಾಗಲೇ ಕೇಳಿ. ಹಬ್ಬದ ಖರ್ಚಿಗಾಗಿ ಮಾತ್ರ ಬಂಗಾರ ಅಡವಿಡಬೇಡಿ.

ಕೈಸಾಲಕ್ಕೆ ಬಡ್ಡಿ ಇಲ್ಲ, ನಿಜ. ಹಾಗಂತ ಅಣ್ಣನಿಗೋ ಅತ್ತಿಗೆಗೋ ಕೊಡಬೇಕಾದ ದುಡ್ಡು ಬಾಕಿ ಇಟ್ಟುಕೊಂಡು ಅವರ ಕಣ್ಣೆದುರೇ ಹಬ್ಬಕ್ಕೆ ಹೊಸ ಟಿವಿ ತಂದರೆ ಅವರ ಮನಸ್ಸು ನೋಯುವುದಿಲ್ಲವಾ? ತಿಂಗಳಿಗೆ ಐನೂರಾದರೂ ಕೊಡುತ್ತಾ ಬನ್ನಿ.

ಸಾಲ ಇರುವಾಗ ಉಳಿತಾಯ ಯಾಕೆ ಅಂತ ಕೇಳುವವರಿದ್ದಾರೆ. ಕೈಯಲ್ಲಿ ಐದು ಹತ್ತು ಸಾವಿರವೂ ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಕಾರ್ಡೇ ಗತಿ. ಅಷ್ಟು ಬೇರೆ ಇಟ್ಟು, ಮಿಕ್ಕದ್ದನ್ನೆಲ್ಲ ಸಾಲಕ್ಕೆ ಹಾಕಿ. ಹಬ್ಬದ ದುಡ್ಡು ಮತ್ತೊಂದು. ಅದಕ್ಕೆ ನಮ್ಮ ಕರಾವಳಿಯಲ್ಲೇ ಹುಟ್ಟಿದ ಒಳ್ಳೆಯ ದಾರಿ ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಳ್ಳುವುದರಿಂದ ಶುರು ಮಾಡಿದ್ದು ಅದು. ಈಗಲೂ ಸಹಕಾರಿ ಸಂಘಗಳಲ್ಲಿ ಉಂಟು. ದಿನಕ್ಕೆ 40 ರೂಪಾಯಿ ಹಾಕಿದರೆ 300 ದಿನಕ್ಕೆ 12,000 ಆಗುತ್ತದೆ. ದಿನಗೂಲಿಯವರಿಗೆ, ಮೀನು ಮಾರುವವರಿಗೆ, ಸಣ್ಣ ಅಂಗಡಿ ಇಟ್ಟವರಿಗೆ ಇದರಷ್ಟು ಹೊಂದುವುದು ಬೇರೆ ಇಲ್ಲ. ಕಲೆಕ್ಷನಿಗೆ ಬಂದವರಿಂದ ಪ್ರತಿ ಸಲ ರಸೀದಿ ಪಡೆಯಿರಿ, ಮೆಸೇಜ್ ಬಂತಾ ನೋಡಿ, ಪರಿಚಯದವರು ಅಂತ ಸುಮ್ನೆ ಬಿಡಬೇಡಿ. ಬ್ಯಾಂಕು, ಸಹಕಾರಿ ಬ್ಯಾಂಕುಗಳ ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಬ್ಯಾಂಕ್ ಅಲ್ಲದ ಸೊಸೈಟಿಗಳಿಗೆ ಆ ವಿಮೆ ಇಲ್ಲ. ದೊಡ್ಡ ಮೊತ್ತ ಎಲ್ಲಿಡಬೇಕು ಅಂತ ಯೋಚಿಸುವಾಗ ಇದು ನೆನಪಿರಲಿ. ತಿಂಗಳ ಸಂಬಳದವರು ಬ್ಯಾಂಕಿನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟುವ ಹತ್ತು ತಿಂಗಳ ಆರ್‌ಡಿ ಮಾಡಿ, ಜನವರಿಯಲ್ಲಿ ಶುರು ಮಾಡಿದರೆ ನವೆಂಬರಿಗೆ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಹಬ್ಬಕ್ಕೆ ಆಗುವುದಿಲ್ಲ.

ಈ ವರ್ಷ ಏನೂ ಕೂಡಿಟ್ಟಿಲ್ಲ ಅನ್ನುವವರು ಬೋನಸ್ ಬಂದರೆ ಅರ್ಧ ಸಾಲಕ್ಕೆ, ಅರ್ಧ ಹಬ್ಬಕ್ಕೆ ಅಂತ ಮಾಡಿ. ಹಬ್ಬದ ಪಾಲನ್ನು ನಗದಾಗಿ ತೆಗೆದು ಕವರುಗಳಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು), ಬಟ್ಟೆ, ಮಾಂಸ, ದಾನ. ಹಂಪನಕಟ್ಟೆಯ ಅಂಗಡಿಗಳಿಗೆ ಹೋಗುವಾಗ ಬಟ್ಟೆಯ ಕವರು ಮಾತ್ರ ಕೈಯಲ್ಲಿರಲಿ. ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾ ಹೋದರೆ ಎಷ್ಟಾಯಿತು ಅಂತ ಗೊತ್ತೇ ಆಗುವುದಿಲ್ಲ.

ಕುಸ್ವಾರ್ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿ ಹೇಳಲಿಕ್ಕುಂಟು. ಅಂಗಡಿಯಲ್ಲಿ ಕೇಜಿ ಲೆಕ್ಕದಲ್ಲಿ ತಂದರೆ ಕೈ ಸುಡುತ್ತದೆ. ಮನೆಯಲ್ಲೇ ಮಾಡಿ, ಆದರೆ ಹತ್ತು ಬಗೆ ಬೇಡ. ಕಿಡ್ಯೊ (ಸುರುಳಿ ಸುತ್ತಿ ಕರಿಯುವ ಸಣ್ಣ ತಿಂಡಿ), ನೆವ್ರ್ಯೊ (ಕರ್ಜಿಕಾಯಿ), ತುಕ್ಡಿ (ಶಂಕರಪೋಳಿ), ಚಕ್ಕುಲಿ, ಇಷ್ಟಿದ್ದರೆ ತಟ್ಟೆ ತುಂಬುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಎರಡು ಮಾಡಿ, ಎರಡು ಕೊಳ್ಳಿ, ಅದರಲ್ಲಿ ಕೀಳು ಏನಿಲ್ಲ. ಮೈದಾ, ಸಕ್ಕರೆ, ಎಳ್ಳು, ಗೋಡಂಬಿ, ದ್ರಾಕ್ಷಿಯನ್ನು ಮೂರು ಮನೆಯವರು ಸೇರಿ ನವೆಂಬರ್‌ನಲ್ಲೇ ಬಂದರಿನ ಹೋಲ್‌ಸೇಲ್ ಅಂಗಡಿಯಿಂದ ತಂದು ಹಂಚಿಕೊಳ್ಳಿ. ಎಣ್ಣೆ ಉಳಿಸಲಿಕ್ಕೆ ಕರಿಯುವ ಕ್ರಮ ಮುಖ್ಯ. ತುಕ್ಡಿ, ಕಿಡ್ಯೊ ಮೊದಲು, ಚಕ್ಕುಲಿ ಆಮೇಲೆ, ನೆವ್ರ್ಯೊ ಕಟ್ಟಕಡೆಗೆ. ನೆವ್ರಿ ಒಂದು ಬಾಯಿ ಬಿಟ್ಟರೆ ಸಾಕು, ಒಳಗಿನ ಸಕ್ಕರೆ, ಎಳ್ಳು ಬಾಣಲೆಗೆ ಬಿದ್ದು ಕರಟಿ ಎಣ್ಣೆ ಕಪ್ಪಾಗುತ್ತದೆ. ಅಂಚನ್ನು ನೀರು ಮುಟ್ಟಿಸಿ ಗಟ್ಟಿಯಾಗಿ ಒತ್ತಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಕಿಡ್ಯೊ ಹಿಟ್ಟಿಗೆ ಹಾಲು ಹಿಂಡಿದ ಮೇಲೆ ಉಳಿದ ಕಾಯಿತುರಿ ಬಿಸಾಡಬೇಡಿ, ಮರುದಿನದ ಪಲ್ಯಕ್ಕೆ ಆಗುತ್ತದೆ, ತೆಂಗಿನಕಾಯಿ ಬೆಲೆ ನಿಮಗೇ ಗೊತ್ತುಂಟಲ್ಲ. ಕೇಕಿನ ಬಣ್ಣಕ್ಕೆ ಸಕ್ಕರೆ ಕರಟಿಸಿದರೆ ಸಾಕು. ಕಿಡ್ಯೊ ಒತ್ತುವ ಕೆಲಸ ಮಕ್ಕಳಿಗೆ ಬಿಡಿ, ಹೊಸ ಬಾಚಣಿಗೆ, ಫೋರ್ಕು ಕೊಟ್ಟು ಕೂರಿಸಿದರೆ ಸಂಜೆಯೊಳಗೆ ರಾಶಿ ಹಾಕುತ್ತಾರೆ.

ನೆರೆಮನೆಗೆ ಕೊಡುವ ತಟ್ಟೆಯಲ್ಲಿ ಮಾತ್ರ ಕಡಿತ ಮಾಡಬೇಡಿ. ಅವರ ಮನೆಯಿಂದ ಚೌತಿಗೆ ಕಡುಬು ಬಂದಿರುತ್ತದೆ, ಪೆರ್ನಾಲಿಗೆ (ಈದ್ ಹಬ್ಬಕ್ಕೆ) ಬಿರಿಯಾನಿ ಬಂದಿರುತ್ತದೆ. ಎಷ್ಟು ಮನೆ ಅಂತ ಮೊದಲು ಬರೆದುಕೊಂಡು ಅದರ ಮೇಲೆ ಹಿಟ್ಟಿನ ಲೆಕ್ಕ ಹಾಕಿ. ಬಟ್ಟೆಯನ್ನು ಆಟಿ (ಆಷಾಢ) ಸೇಲಿನಲ್ಲಿ ಒಂದು ಸೈಜು ದೊಡ್ಡದು ತೆಗೆದಿಟ್ಟರೆ ಡಿಸೆಂಬರಿಗೆ ಮಕ್ಕಳಿಗೆ ಸರಿಯಾಗುತ್ತದೆ. ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ಯಾಕೆ? ಹಬ್ಬಕ್ಕೆ ಎರಡು ವಾರ ಮೊದಲು ಕರಟದಲ್ಲಿ ಭತ್ತ, ರಾಗಿ ಬಿತ್ತಿದರೆ ಹಸಿರು ಬರುತ್ತದೆ. ನಕ್ಷತ್ರ ಹಳೆಯದೇ ಇರಲಿ, ಕಾಗದ ಹರಿದಿದ್ದರೆ ಬದಲಿಸಿ.

ಗಲ್ಫಿನಿಂದ ಬಂದ ಮೈದುನನ ಮನೆಯವರನ್ನು ಊಟಕ್ಕೆ ಕರೆಯಲೇಬೇಕು, ಅದು ಸಂಬಂಧ. ಹೋಟೆಲಿಗೆ ಕರೆದುಕೊಂಡು ಹೋಗಬೇಕು ಅಂತೇನಿಲ್ಲ. ಇಡ್ಲಿಯಂಥ ಸಾನ್ನಾಂ, ಹಂದಿ ಮಾಂಸ, ಒಂದು ಕೋಳಿ ಸುಕ್ಕ ಮಾಡಿ ಮನೆಯಲ್ಲೇ ಬಡಿಸಿ. ಅವರು ವರ್ಷವಿಡೀ ಕಾದಿರುವುದೇ ಈ ಊಟಕ್ಕೆ. ಅವರು ತಂದ ಉಡುಗೊರೆಗೆ ಸರಿಸಮ ಕೊಡಬೇಕು ಅಂತ ಸಾಲ ಮಾಡಬೇಡಿ, ಹೋಗುವಾಗ ಕುಸ್ವಾರಿನ ಡಬ್ಬ, ಮನೆಯ ಉಪ್ಪಿನಕಾಯಿ ಕೊಟ್ಟರೆ ಅವರಿಗೂ ಖುಷಿ.

ಕಾರ್ಡಿನ ಬಾಕಿ ಪೂರ್ತಿ ತೀರಿದ ತಿಂಗಳು ಅಲ್ಲಿಗೇ ಬಿಡಬೇಡಿ. ಮುಂದಿನ ಬಿಲ್ಲಿನಲ್ಲಿ ಹಿಂದಿನ ದಿನಗಳ ಬಡ್ಡಿ ಅಂತ ಸಣ್ಣ ಮೊತ್ತ ಬರುವುದುಂಟು, ಅದನ್ನೂ ಕಟ್ಟಿ. ಕಾರ್ಡು ಬೇಡ ಅಂತಾದರೆ ಬರವಣಿಗೆಯಲ್ಲಿ ಕೊಟ್ಟು ಮುಚ್ಚಿಸಿ, ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಂಡು ಮನೆಯ ತೆರಿಗೆ ರಸೀದಿಯ ಫೈಲಿನಲ್ಲೇ ಇಡಿ. ಆ ಸಾಲಕ್ಕೆ ಹೋಗುತ್ತಿದ್ದ ಕಂತನ್ನು ಅದೇ ತಾರೀಕಿಗೆ ಹಾಳೆಯಲ್ಲಿ ಅದರ ಕೆಳಗಿರುವ ಸಾಲಕ್ಕೆ ಹಾಕಲು ಶುರು ಮಾಡಿ.