ಕಿವಿಯೊಳಗೆ ಕೂರುವ ಇಯರ್‌ಫೋನ್‌ಗಳನ್ನು ಹೋಲಿಸಿ ನೋಡುವ ಕ್ರಮ

ಕಲಬುರಗಿ ಸುತ್ತಲಿನ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ನಡೆಯುವ ತತ್ವಪದಗಳ ಭಜನೆಯನ್ನು ಧ್ವನಿಮುದ್ರಿಸಿಕೊಂಡು ಬಂದು, ಮನೆಯಲ್ಲಿ ಕುಳಿತು ತಿದ್ದುವುದು ನನ್ನ ಬಹುಕಾಲದ ಹವ್ಯಾಸ. ಆ ಕೆಲಸಕ್ಕೆಂದೇ ಕೆಲವು ವರ್ಷಗಳ ಹಿಂದೆ ಬೆಲೆಬಾಳುವ ಇಯರ್‌ಫೋನ್ ಒಂದನ್ನು ತರಿಸಿಕೊಂಡಿದ್ದೆ. ಅದರಲ್ಲಿ ತಬಲಾ ಜೋಡಿಯ ದಪ್ಪ ದನಿಯ ಡಗ್ಗಾದ ಪೆಟ್ಟು ಟೊಳ್ಳಾಗಿ ಕೇಳುತ್ತಿತ್ತು, ತಾಳದ ಸದ್ದು ಕಿವಿಗೆ ಚುಚ್ಚುತ್ತಿತ್ತು. ಎರಡು ತಿಂಗಳು ನೋಡಿ ಅರ್ಧ ಬೆಲೆಗೆ ಗೆಳೆಯರೊಬ್ಬರಿಗೆ ಮಾರಿಬಿಟ್ಟೆ. ಮುಂದೊಂದು ದಿನ ಅವರ ಮನೆಯಲ್ಲಿ ಅದನ್ನೇ ದೊಡ್ಡ ಅಳತೆಯ ಟಿಪ್ (ಕಿವಿಯೊಳಗೆ ಕೂರುವ ಮೆತ್ತನೆಯ ತುದಿ) ಹಾಕಿ ಕೇಳಿದಾಗ, ನಾನು ಮಾರಿದ ವಸ್ತು ಇದೇ ಎಂದು ನಂಬುವುದು ಕಷ್ಟವಾಯಿತು. ಕೊರತೆ ಇಯರ್‌ಫೋನಿನದಾಗಿರಲಿಲ್ಲ, ಅದು ನನ್ನ ಬಲಗಿವಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಅಂದಿನಿಂದ ಯಾವುದನ್ನು ಹೋಲಿಸುವಾಗಲೂ ಮೊದಲು ಅದು ಕಿವಿಯಲ್ಲಿ ಕೂರುವ ಬಗೆಯನ್ನು, ಆಮೇಲೆ ಹಿತವನ್ನು, ಕೊನೆಗೆ ನಾದವನ್ನು ನೋಡುತ್ತೇನೆ. ಇಲ್ಲಿ ಹೇಳುವುದೂ ಅದೇ ಕ್ರಮದಲ್ಲಿದೆ.

ವಯಸ್ಕರ ಕಿವಿನಾಳ ಸುಮಾರು 25 ಮಿಲಿಮೀಟರ್ ಉದ್ದದ, ಒಳತುದಿಯಲ್ಲಿ ಕಿವಿತಮಟೆಯಿಂದ ಮುಚ್ಚಿಕೊಂಡ ಕೊಳವೆ. ಇಯರ್‌ಫೋನಿನ ಟಿಪ್ ಹೊರಬಾಯನ್ನು ಮುಚ್ಚಿದಾಗ ನಡುವೆ ಉಳಿಯುವುದು ತೀರ ಚಿಕ್ಕದೊಂದು ಗಾಳಿಯ ಕೋಣೆ. ಇಯರ್‌ಫೋನಿನೊಳಗೆ ನಾದ ಹುಟ್ಟಿಸುವ ಪುಟ್ಟ ಭಾಗವಾದ ಡ್ರೈವರ್ ಆ ಗಾಳಿಯನ್ನು ಒತ್ತಿ ಸಡಿಲಿಸಿ ನಾದವನ್ನು ತಲುಪಿಸುತ್ತದೆ. ಟಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ನಿಧಾನವಾಗಿ ಕಂಪಿಸುವ ಕೆಳಸ್ವರಗಳ ಒತ್ತಡ ಅದರ ಮೂಲಕ ಸೋರಿಹೋಗುತ್ತದೆ, ಮೇಲಿನ ಸ್ವರಗಳು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ ‘ಇದರಲ್ಲಿ ಬೇಸ್ ಇಲ್ಲ’, ಅಂದರೆ ಕೆಳಸ್ವರಗಳ ತುಂಬು ಇಲ್ಲ, ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ಟಿಪ್ಪನ್ನೇ ಅನುಮಾನಿಸುತ್ತೇನೆ. ಟಿಪ್ ಎಷ್ಟು ಒಳಗೆ ಹೋಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿದ ಕಿವಿನಾಳದಲ್ಲಿ ಸಾಮಾನ್ಯವಾಗಿ 8,000 ಹರ್ಟ್ಜ್‌ನ (ಸೆಕೆಂಡಿಗೆ 8,000 ಕಂಪನ) ಆಸುಪಾಸಿನಲ್ಲಿ ಒಂದು ಅನುರಣನ ಉಂಟಾಗಿ, ಅಲ್ಲಿನ ಸ್ವರಗಳು ಉಬ್ಬಿ ಕೇಳುತ್ತವೆ. ಟಿಪ್ ಆಳಕ್ಕೆ ಹೋದಷ್ಟೂ ಕೊಳವೆ ಗಿಡ್ಡವಾಗಿ ಆ ಉಬ್ಬು ಮೇಲಕ್ಕೆ ಸರಿಯುತ್ತದೆ. ಒಂದೇ ಇಯರ್‌ಫೋನ್ ಒಬ್ಬರಿಗೆ ಚೂಪಾಗಿ, ಇನ್ನೊಬ್ಬರಿಗೆ ಹದವಾಗಿ ಕೇಳುವುದಕ್ಕೆ ಇದೊಂದು ಮುಖ್ಯ ಕಾರಣ.

ಹಾಕಿಕೊಳ್ಳುವ ವಿಧಾನ ಹೀಗಿರಲಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು, ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆಯಿರಿ. ಆಗ ಸೊಟ್ಟಗಿರುವ ಕಿವಿನಾಳ ತುಸು ನೇರವಾಗುತ್ತದೆ. ಸಿಲಿಕೋನ್ ಟಿಪ್ಪನ್ನು ಸ್ವಲ್ಪ ತಿರುಗಿಸುತ್ತ ಒಳಗೆ ಕೂರಿಸಿ, ಕಿವಿಯನ್ನು ಬಿಟ್ಟುಬಿಡಿ. ಫೋಮ್ ಟಿಪ್ಪಾದರೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಒಳಗಿಟ್ಟು, ಅದು ಉಬ್ಬಿ ಕಿವಿಯ ಆಕಾರಕ್ಕೆ ಬರುವ ತನಕ ಅರ್ಧ ನಿಮಿಷ ಹಿಡಿದುಕೊಳ್ಳಿ. ಬೆಲೆಬಾಳುವ ಬಹುತೇಕ ಇಯರ್‌ಫೋನ್‌ಗಳ ಕೇಬಲ್ ಕಿವಿಯ ಮೇಲಿನಿಂದ ಬಳಸಿ ಹಿಂದಕ್ಕೆ ಇಳಿಯುವಂಥದ್ದು. ಅದನ್ನು ಸುಮ್ಮನೆ ಕೆಳಕ್ಕೆ ಇಳಿಬಿಟ್ಟರೆ ಇಯರ್‌ಫೋನಿನ ದೇಹವೂ ಓರೆಯಾಗುತ್ತದೆ, ಕೇಬಲ್ ಅಂಗಿಗೆ ಉಜ್ಜಿದ ಸದ್ದೂ ಕಿವಿಗೆ ಬರುತ್ತದೆ.

ಬಿಗಿ ಸರಿಯಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಮಾತಾಡಿ ನೋಡಿ: ನಿಮ್ಮ ದನಿ ನಿಮಗೇ ಕೊಡದೊಳಗಿನಿಂದ ಬಂದಂತೆ ಗುಂಯ್ ಎಂದು ಎರಡೂ ಕಡೆ ಸಮನಾಗಿ ಕೇಳಬೇಕು. ಬಳಿಕ 40 ಅಥವಾ 50 ಹರ್ಟ್ಜ್‌ನ ಸ್ವರವೊಂದನ್ನು ಫೋನಿನಲ್ಲಿ ಮೆಲ್ಲಗೆ ನುಡಿಸಿ, ಒಂದೊಂದೇ ಬದಿಯನ್ನು ಬೆರಳಿನಿಂದ ಹಗುರವಾಗಿ ಒತ್ತಿರಿ. ಒತ್ತಿದ ಕೂಡಲೇ ಸ್ವರ ದಪ್ಪವಾದರೆ ಆ ಕಿವಿಗೆ ಇನ್ನೊಂದು ಅಳತೆ ಬೇಕು. ಒಬ್ಬರೇ ಹಾಡಿದ, ನಡುವಿನಲ್ಲಿ ಕೇಳಬೇಕಾದ ಹಾಡನ್ನು ಹಾಕಿದಾಗ ದನಿ ಒಂದು ಪಕ್ಕಕ್ಕೆ ಸರಿದಂತಿದ್ದರೆ ಆಗಲೂ ಬಿಗಿಯನ್ನೇ ಮೊದಲು ನೋಡಬೇಕು. ಎರಡು ಕಿವಿಗಳಿಗೆ ಎರಡು ಅಳತೆಯ ಟಿಪ್ ಬೇಕಾಗುವುದು ಅಪರೂಪವೇನಲ್ಲ. ನನಗೆ ಇಂದಿಗೂ ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು. ಪೆಟ್ಟಿಗೆಯಲ್ಲಿ ಬಂದ ಟಿಪ್‌ಗಳಷ್ಟಕ್ಕೇ ನಿಲ್ಲದೆ, ಬೇರೆ ತಯಾರಕರ ಒಂದೆರಡು ಬಗೆಯವನ್ನೂ ಕೊಂಡು ನೋಡುವುದಕ್ಕೆ ಹಾಕಿದ ಹಣ ವ್ಯರ್ಥವಲ್ಲ ಎಂಬುದು ನನ್ನ ಅನುಭವ. ಹೋಲಿಸುವ ಎರಡು ಇಯರ್‌ಫೋನ್‌ಗಳಿಗೂ ಒಂದೇ ಬಗೆಯ ಟಿಪ್ ಹಾಕಲು ಸಾಧ್ಯವಿದ್ದರೆ ಒಮ್ಮೆ ಹಾಗೆಯೂ, ಇನ್ನೊಮ್ಮೆ ಅವುಗಳ ಸ್ವಂತ ಟಿಪ್‌ಗಳಲ್ಲೂ ಕೇಳಿರಿ.

ಹಿತವನ್ನು ಹತ್ತು ನಿಮಿಷದಲ್ಲಿ ಅಳೆಯಲಾಗದು. ಕಿವಿನಾಳದ ಒತ್ತಡ ಬೇಗ ತಿಳಿಯುತ್ತದೆ, ಆದರೆ ಇಯರ್‌ಫೋನಿನ ದೇಹವು ಹೊರಗಿವಿಯ ಬಟ್ಟಲಿನ ಅಂಚಿಗೆ ತಾಗಿ ಆಗುವ ನೋವು ನಲವತ್ತು ನಿಮಿಷವೋ ಒಂದು ಗಂಟೆಯೋ ಕಳೆದ ಮೇಲೆ ತಲೆಯೆತ್ತುತ್ತದೆ. ಹಲವು ಡ್ರೈವರ್‌ಗಳನ್ನು ತುಂಬಿದ ದೇಹಗಳು ದಪ್ಪವಾಗಿರುವುದರಿಂದ ಸಣ್ಣ ಕಿವಿಯವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಕನಿಷ್ಠ ಎರಡು ಗಂಟೆ ತೆಗೆಯದೆ ಹಾಕಿಕೊಂಡಿರಿ; ಆ ಅವಧಿಯಲ್ಲಿ ಮೆಟ್ಟಿಲು ಹತ್ತಿ ಇಳಿಯಿರಿ, ಕತ್ತು ತಿರುಗಿಸಿ, ಬಗ್ಗಿ ಏಳಿ. ನಾನು ತಪ್ಪದೆ ಮಾಡುವ ಇನ್ನೊಂದು ಪರೀಕ್ಷೆ ಇದೆ: ಇಯರ್‌ಫೋನ್ ಹಾಕಿಕೊಂಡೇ ಒಂದು ಕಡಕ್ ಜೋಳದ ರೊಟ್ಟಿ ತಿನ್ನುತ್ತೇನೆ. ದವಡೆ ಆಡುವಾಗ ಕಿವಿನಾಳದ ಆಕಾರ ಬದಲಾಗುತ್ತದೆ, ಆ ಚಲನೆಗೆ ಸಡಿಲವಾದ ಟಿಪ್ ಮೆಲ್ಲಮೆಲ್ಲನೆ ಹೊರಬರುತ್ತದೆ. ರೊಟ್ಟಿ ಮುಗಿದ ಮೇಲೆಯೂ ಡಗ್ಗಾ ಮೊದಲಿನಂತೆಯೇ ತುಂಬಿ ಕೇಳಿದರೆ ಆ ಟಿಪ್ ನಿಮ್ಮದು. ರೈಲಿನಲ್ಲಿ ರಾತ್ರಿ ಬೆಂಗಳೂರಿಗೆ ಹೋಗುವವರು ಬರ್ತಿನಲ್ಲಿ ಪಕ್ಕಕ್ಕೆ ಮಲಗಿ ಕೇಳುವವರಾದರೆ, ದಿಂಬಿಗೆ ಕಿವಿಯಾನಿಸಿಯೂ ನೋಡಬೇಕು. ಹೊರಕ್ಕೆ ಚಾಚಿಕೊಂಡ ದೇಹವಿದ್ದರೆ ಅದು ಬೇಗನೆ ಚುಚ್ಚಲಾರಂಭಿಸುತ್ತದೆ.

ನಮ್ಮ ಬಿಸಿಲು ನಾಡಿನಲ್ಲಿ ಹಿತದ ಮಾತಿಗೆ ಬೆವರೂ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫೋಮ್ ಟಿಪ್ ಕಿವಿಯನ್ನು ಬಿಸಿಯಾಗಿಸುತ್ತದೆ, ಬೆವರನ್ನು ಹೀರುತ್ತದೆ, ಬೇಗ ಗಟ್ಟಿಯಾಗಿ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ಸಿಲಿಕೋನ್ ತೊಳೆಯಲು ಸುಲಭ, ಆದರೆ ಬೆವರಿದ ಕಿವಿಯಲ್ಲಿ ಜಾರುತ್ತದೆ. ಚಳಿಗಾಲದಲ್ಲಿ ಮೆಚ್ಚಿ ಕೊಂಡದ್ದನ್ನು ಬೇಸಿಗೆಯಲ್ಲಿ ದೂರುವಂತಾಗಬಾರದೆಂದರೆ ಫ್ಯಾನಿಲ್ಲದೆ ಅರ್ಧ ಗಂಟೆ ಕೇಳಿ ನೋಡುವುದು ಒಳ್ಳೆಯದು.

ಇನ್ನು ನಾದ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ ಸದ್ದಿನ ಮಟ್ಟದಿಂದ ಆಗುತ್ತದೆ. ಎರಡರಲ್ಲಿ ಒಂದು ತುಸುವೇ ಜೋರಾಗಿದ್ದರೆ ನಮ್ಮ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನಾಗಿದೆ, ಸ್ಪಷ್ಟವಾಗಿದೆ’ ಎಂದು ತೀರ್ಪು ಕೊಡುತ್ತದೆ. ಅದರ ಜೊತೆಗೆ, ಮೆಲ್ಲಗೆ ಕೇಳುವಾಗ ಕೆಳಸ್ವರಗಳು ಕಿವಿಗೆ ಕಡಿಮೆ ಕೇಳುತ್ತವೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದ ಸಂಗತಿ ಇದು. ಇಯರ್‌ಫೋನ್‌ಗಳ ಸಂವೇದನೆ (ಒಂದೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತವೆ ಎಂಬುದು) ಒಂದರಿಂದೊಂದಕ್ಕೆ ಬೇರೆಯಾಗಿರುವುದರಿಂದ, ಫೋನಿನ ವಾಲ್ಯೂಮ್ ಗುರುತು ಒಂದೇ ಇದ್ದ ಮಾತ್ರಕ್ಕೆ ಸದ್ದು ಸಮವಾಗುವುದಿಲ್ಲ. 1,000 ಹರ್ಟ್ಜ್‌ನ ಸ್ವರವನ್ನೋ, ಅದಕ್ಕಿಂತ ಮೇಲಾಗಿ ಒಬ್ಬರ ಮಾತಿನ ಮುದ್ರಣವನ್ನೋ ಒಂದಾದ ಮೇಲೊಂದರಂತೆ ಎರಡರಲ್ಲೂ ಕೇಳಿ, ಸಮವೆನಿಸುವ ತನಕ ತಿದ್ದಿ, ಒಂದೊಂದಕ್ಕೂ ಬೇಕಾದ ವಾಲ್ಯೂಮ್ ಗುರುತನ್ನು ಕಾಗದದಲ್ಲಿ ಬರೆದಿಡಿ. ಫೋನಿನ ವಾಲ್ಯೂಮ್ ಮೆಟ್ಟಿಲುಗಳು ದೊಡ್ಡದಾಗಿದ್ದರೆ ಹೆಚ್ಚು ಮೆಟ್ಟಿಲುಗಳಿರುವ ಪ್ಲೇಯರ್ ಆ್ಯಪ್ ಬಳಸಬೇಕು, ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಸರ್ ಬಂದ್ ಮಾಡಿರಬೇಕು. ನಾದವನ್ನು ವಿವರವಾಗಿ ನೆನಪಿಡುವ ಶಕ್ತಿ ನಮಗಿರುವುದು ಕೆಲವೇ ಕ್ಷಣಗಳಷ್ಟು. ಆದ್ದರಿಂದ ಇಡೀ ಹಾಡು ಕೇಳಿ ಬದಲಾಯಿಸುವುದಕ್ಕಿಂತ ಹದಿನೈದು ಸೆಕೆಂಡಿನ ತುಣುಕೊಂದನ್ನು ಮತ್ತೆ ಮತ್ತೆ ಕೇಳುವುದು ಮೇಲು. ಬದಲಾಯಿಸಿದಾಗಲೆಲ್ಲ ಬಿಗಿಯನ್ನು ಮತ್ತೆ ನೋಡಿಕೊಳ್ಳಬೇಕು.

ಯಾವ ತುಣುಕನ್ನು ಕೇಳಬೇಕು ಎಂಬುದಕ್ಕೆ ನನ್ನ ಉತ್ತರ ಖಚಿತವಾಗಿದೆ: ಮೂಲ ನಾದವನ್ನು ನೀವು ಎದುರಿಗೆ ಕೂತು ಕೇಳಿರುವಂಥದ್ದು. ಸ್ಟುಡಿಯೊದಲ್ಲಿ ಹೇಗೆ ಹಾಡಿದರು, ಎಷ್ಟು ತಿದ್ದಿದರು ಎಂಬುದು ತಿಳಿಯದ ಹಾಡನ್ನು ಹಿಡಿದು ‘ಇದು ಸಹಜವಾಗಿದೆ’ ಎನ್ನುವುದಕ್ಕೆ ಆಧಾರವಿಲ್ಲ. ನಾನು ಬಳಸುವುದು ಒಂದು ಗುಡಿಯ ಕಲ್ಲಿನ ಮಂಟಪದಲ್ಲಿ ನಾನೇ ಮುದ್ರಿಸಿಕೊಂಡ ಭಜನೆಯನ್ನು. ಹಾಡಿದವರಿಂದ ನಾಲ್ಕು ಮೊಳ ದೂರದಲ್ಲಿ ಕೂತಿದ್ದೆ. ಅಂಥ ಮುದ್ರಣ ಇಲ್ಲದವರು ಮನೆಯ ಹಿರಿಯರ ಮಾತನ್ನು, ಅಜ್ಜಿಯ ಬೀಸುಕಲ್ಲಿನ ಪದವನ್ನು ಒಂದು ಒಳ್ಳೆಯ ರೆಕಾರ್ಡರ್‌ನಲ್ಲಿ ಹಿಡಿದಿಟ್ಟುಕೊಳ್ಳಲಿ. ನಮ್ಮವರ ದನಿ ತುಸು ಬದಲಾದರೂ ನಮಗೆ ಒಡನೆಯೇ ಗೊತ್ತಾಗುತ್ತದೆ.

ಏನನ್ನು ಕೇಳಬೇಕೆಂಬುದನ್ನು ವಾದ್ಯಗಳ ಮೂಲಕವೇ ಹೇಳುತ್ತೇನೆ. ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ಸ್ವರ ಮೇಲೇರುವ ಗುಮಕು ಇರುತ್ತದಲ್ಲ, ಅದು ಆರಂಭದಿಂದ ಕೊನೆಯ ತನಕ ಒಂದೇ ಎಳೆಯಾಗಿ ಕೇಳಬೇಕು. ಬರೀ ಗುದ್ದು ಕೇಳಿ ಏರಿಕೆ ಮಸುಕಾದರೆ ಬೇಸ್ ಹೆಚ್ಚಿದೆ, ಹದ ಇಲ್ಲ. ಹಾರ್ಮೋನಿಯಂ ಮತ್ತು ಗಂಡು ದನಿ ಒಂದೇ ಸ್ಥಾಯಿಯಲ್ಲಿ ಕೂಡಿದಾಗ ಎರಡನ್ನೂ ಬೇರೆಬೇರೆಯಾಗಿ ಹಿಂಬಾಲಿಸಲು ಆಗುತ್ತದೆಯೇ ನೋಡಿ. ಮಧ್ಯದ ಸ್ವರಗಳ ಸ್ಪಷ್ಟತೆಗೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ, ಏಕೆಂದರೆ ಹಾರ್ಮೋನಿಯಂ ಹಾಡುವವರ ದನಿಗೆ ಅಂಟಿಕೊಂಡೇ ಸಾಗುತ್ತದೆ. ಏಕತಾರಿಯ ತಂತಿಯಲ್ಲಿ ಮೀಟಿದ ಕ್ಷಣದ ಬೆರಳಿನ ಸಪ್ಪಳವೂ, ಬಳಿಕ ಉಳಿಯುವ ಝೇಂಕಾರವೂ ಇರಬೇಕು. ತಾಳ ಬೆಳ್ಳಗೆ ಮಿನುಗಿ ಆರಬೇಕೇ ಹೊರತು ‘ಚಿಸ್’ ಎಂದು ಸೀಳಬಾರದು. ಹಾಡಿನಲ್ಲಿ ‘ಸ’, ‘ಶ’ ಬಂದಾಗ ಕಣ್ಣು ಕಿರಿದಾಗುವಂತಿದ್ದರೆ ಒಂದು ಗಂಟೆಯ ಮೇಲೆ ಆ ಇಯರ್‌ಫೋನ್ ದಣಿಸುವುದು ಖಂಡಿತ. ಇನ್ನು ವಿಸ್ತಾರ: ಕಲ್ಲಿನ ಮಂಟಪದಲ್ಲಿ ಪದ ಮುಗಿದ ಮೇಲೂ ದನಿಯ ನೆರಳು ಒಂದೆರಡು ಕ್ಷಣ ಉಳಿಯುತ್ತದೆ. ಆ ನೆರಳು ಎಷ್ಟು ಹೊತ್ತು, ಯಾವ ದಿಕ್ಕಿನಲ್ಲಿ ಕರಗುತ್ತದೆ ಎಂಬುದನ್ನು ತೋರಿಸುವ ಇಯರ್‌ಫೋನ್‌ಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಕಲ್ಲು ನಾದವನ್ನು ಹೇಗೆ ಮರಳಿಸುತ್ತದೆ ಎಂದು ತಿಳಿಯಬಯಸುವವರು ಕಲಬುರಗಿ ಕೋಟೆಯೊಳಗಿನ, 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಕಮಾನುಗಳ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಬಂದುಹೋಗುವವರ ಮಾತಿಗೆ ಕಿವಿಗೊಟ್ಟರೆ ಸಾಕು.

ಡ್ರೈವರ್‌ಗಳ ಎಣಿಕೆಯನ್ನು ನೋಡಿ ಮೊದಲೇ ತೀರ್ಮಾನಕ್ಕೆ ಬರಬೇಡಿ. ಸೆನ್‌ಹೈಸರ್ ಐಇ 900 ಒಂದು ಕಿವಿಗೆ 7 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್ (ಚಿಕ್ಕ ಸ್ಪೀಕರಿನಂಥದ್ದು) ಬಳಸುತ್ತದೆ. ಶೂರ್ ಎಸ್‌ಇ846 ನಾಲ್ಕು ಬ್ಯಾಲೆನ್ಸ್ಡ್ ಆರ್ಮೇಚರ್‌ಗಳನ್ನು (ಇನ್ನೊಂದು ಬಗೆಯ ಪುಟ್ಟ ಡ್ರೈವರ್‌ಗಳು) ಬಳಸುತ್ತದೆ. ಎಟಿಮೋಟಿಕ್ ಇಆರ್4ಎಸ್‌ಆರ್‌ನಲ್ಲಿ ಇರುವುದು ಒಂದೇ ಆರ್ಮೇಚರ್, ಆದರೆ ಅದರ ಮೂರು ಅಂಚಿನ ಟಿಪ್ ಕಿವಿಯೊಳಗೆ ಬಹಳ ಆಳಕ್ಕೆ ಹೋಗುತ್ತದೆ. ಮೂರೂ ಮೂರು ದಾರಿಗಳು. ಎಣಿಕೆಗಿಂತ ಗಮನಿಸಬೇಕಾದದ್ದು ಇಂಪಿಡೆನ್ಸ್, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ, ಓಮ್‌ಗಳಲ್ಲಿ ಅಳೆಯುವ ತಡೆ. ಹಲವು ಆರ್ಮೇಚರ್‌ಗಳಿರುವ ಇಯರ್‌ಫೋನ್‌ಗಳ ಇಂಪಿಡೆನ್ಸ್ ಸ್ವರದಿಂದ ಸ್ವರಕ್ಕೆ ಏರಿಳಿಯುವುದರಿಂದ, ನುಡಿಸುವ ಉಪಕರಣದ ಔಟ್‌ಪುಟ್ ಇಂಪಿಡೆನ್ಸ್ ಹೆಚ್ಚಿದ್ದರೆ ನಾದದ ಸಮತೋಲನವೇ ಬದಲಾಗುತ್ತದೆ. ಇಯರ್‌ಫೋನಿನ ಇಂಪಿಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಅದು ಕಡಿಮೆಯಿರಲಿ ಎಂಬುದು ರೂಢಿಯ ಲೆಕ್ಕ. ಎಸ್‌ಇ846ರ ಇಂಪಿಡೆನ್ಸ್ 9 ಓಮ್. ಅದಕ್ಕೆ ಸುಮಾರು 1 ಓಮ್ ಔಟ್‌ಪುಟ್ ಇಂಪಿಡೆನ್ಸಿನ ಉಪಕರಣ ಬೇಕು. ಹೋಲಿಕೆಯನ್ನು ನೀವು ದಿನವೂ ಬಳಸುವ ಫೋನ್ ಅಥವಾ ಡಾಂಗಲ್‌ನಿಂದಲೇ (ಇಯರ್‌ಫೋನ್ ಜೋಡಿಸಲು ಫೋನಿಗೆ ಸಿಕ್ಕಿಸುವ ಪುಟ್ಟ ಸಾಧನ) ಮಾಡಿ.

ಸುತ್ತಲಿನ ಸದ್ದೂ ತೀರ್ಪನ್ನು ಕೆಡಿಸುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಹಗಲಿಡೀ ಕೂಲರ್ ಮೊರೆಯುತ್ತಿರುತ್ತದೆ, ಆ ಮೊರೆತ ಕೆಳಸ್ವರಗಳನ್ನು ಮುಚ್ಚುತ್ತದೆ. ಆಗ ಇಯರ್‌ಫೋನ್ ಆಯ್ದುಕೊಂಡರೆ ಬೇಸ್ ಹೆಚ್ಚಿರುವುದೇ ಸರಿಯೆನಿಸುತ್ತದೆ. ಬೆಳಗಿನ ಐದು ಗಂಟೆಗೆ ಕೂಲರ್ ನಿಲ್ಲಿಸಿ ನಾದದ ತೀರ್ಪು ಮಾಡಿ, ಮಧ್ಯಾಹ್ನ ಕೂಲರ್ ಮುಂದೆ ಕೂತು ಹೊರಸದ್ದನ್ನು ಎಷ್ಟು ತಡೆಯುತ್ತದೆ ನೋಡಿ. ಚೆನ್ನಾಗಿ ತಡೆಯುವ ಇಯರ್‌ಫೋನಿನಲ್ಲಿ ವಾಲ್ಯೂಮ್ ಏರಿಸುವ ಅಗತ್ಯ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಸದ್ದು ಏರಿದಂತೆ ಆ ಗಂಟೆಗಳು ಬೇಗಬೇಗನೆ ಕುಗ್ಗುತ್ತವೆ. ಕೇಳಿ ತೆಗೆದ ಮೇಲೆ ಕಿವಿಯಲ್ಲಿ ‘ಕುಂಯ್’ ಎನ್ನುತ್ತಿದ್ದರೆ ಅಂದಿನ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ.

ಕೊಳ್ಳುವ ಮೊದಲು ಕೇಳುವ ಅವಕಾಶಕ್ಕಾಗಿ ಇಲ್ಲಿಂದ ಹಲವರು ಸುಮಾರು 220 ಕಿಲೋಮೀಟರ್ ದೂರದ ಹೈದರಾಬಾದಿಗೆ ಹೋಗುತ್ತಾರೆ. ಹೋಗುವಾಗ ನಿಮ್ಮ ಫೋನ್, ನಿಮ್ಮ ಕಿವಿಗೆ ಹೊಂದಿದ ಟಿಪ್‌ಗಳು, ಪರೀಕ್ಷೆಯ ತುಣುಕುಗಳು, ಟಿಪ್ ಒರೆಸಲು ಸ್ಪಿರಿಟ್ ಹತ್ತಿ, ಈಗ ಬಳಸುತ್ತಿರುವ ಇಯರ್‌ಫೋನ್ ಇಷ್ಟೂ ಜೊತೆಗಿರಲಿ. ಪ್ರಯಾಣ ಮುಗಿಸಿದ ಕೂಡಲೇ ಕೇಳಲು ಕೂರದೆ ಒಂದು ಗಂಟೆ ಕಿವಿಗೆ ಬಿಡುವು ಕೊಡಿ, ಮೂರಕ್ಕಿಂತ ಹೆಚ್ಚು ಇಯರ್‌ಫೋನ್‌ಗಳನ್ನು ಒಂದೇ ದಿನ ಕೇಳಬೇಡಿ. ಆನ್‌ಲೈನ್‌ನಲ್ಲಿ ತರಿಸುವವರು ಮರಳಿಸುವ ಷರತ್ತನ್ನು ಮೊದಲೇ ಓದಬೇಕು. ಕಿವಿಯೊಳಗೆ ಹಾಕುವ ವಸ್ತುವೆಂದು ಪೆಟ್ಟಿಗೆ ಒಡೆದ ಮೇಲೆ ಹಿಂಪಡೆಯದ ಮಾರಾಟಗಾರರಿದ್ದಾರೆ. ಹೊಸದು ಬಂದ ಮೊದಲ ದಿನದ ಅಭಿಪ್ರಾಯವನ್ನು ಬರೆದಿಟ್ಟು, ಒಂದು ವಾರ ಅದೊಂದನ್ನೇ ಕೇಳಿ, ಎಂಟನೆಯ ದಿನ ಹಳೆಯದಕ್ಕೆ ಮರಳಿ ನೋಡಿ. ಹಳೆಯದರಲ್ಲಿ ಏನು ಕಾಣೆಯಾಗಿದೆ ಎಂದು ಕೇಳಿದ ಅರ್ಧ ನಿಮಿಷದಲ್ಲಿ ನಿಮಗೆ ಹೇಳಲು ಬಂದರೆ ಹೊಸದನ್ನು ಇಟ್ಟುಕೊಳ್ಳಿ. ಹೇಳಲು ಬಾರದಿದ್ದರೆ, ಮರಳಿಸುವ ಗಡುವು ಮುಗಿಯುವ ಮೊದಲೇ ಪೆಟ್ಟಿಗೆ ಕಟ್ಟಿ ಕಳುಹಿಸಿ.