ಕ್ರಾಸ್‌ಲಿಂಕಿಂಗ್ ಆದಮೇಲೆ ಕಾರ್ನಿಯಾ ದಪ್ಪ ನೋಡುವಾಗ

ನಾನು ಮಡಿಕೇರಿಯಲ್ಲಿ ಆಪ್ಟೋಮೆಟ್ರಿಸ್ಟ್. ಕೆರಟೋಕೋನಸ್ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ. ಅದು ಮುಂದುವರಿಯದಂತೆ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಕ್ರಾಸ್‌ಲಿಂಕಿಂಗ್. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅದನ್ನು ಮಾಡಿಸಿಕೊಂಡ ಹುಡುಗರು ನಡುನಡುವೆ ಕಣ್ಣು ತೋರಿಸಲು ನನ್ನ ಹತ್ತಿರ ಬರುತ್ತಾರೆ. ಜೋರು ಮಳೆಯಲ್ಲಿ ಪ್ರತಿ ಸಲ ಅಷ್ಟು ದೂರ ಹೋಗೋದು ಕಷ್ಟ ಅಲ್ವಾ.

ಸೋಮವಾರಪೇಟೆ ಕಡೆಯ ಒಬ್ಬ ತಾಯಿ ಮಗನ ಕಾರ್ನಿಯಾ ದಪ್ಪದ ರಿಪೋರ್ಟ್ (ಅಂಕಿಗಳು ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಲ್ಲಿ) ಹಿಡಿದು ಕೇಳಿದರು: "ಸರ್, ಮೊದಲು 440 ಇತ್ತು, ಮೂರು ತಿಂಗಳಿಗೆ 405 ಆಗಿದೆ. 400ಕ್ಕಿಂತ ಕಡಿಮೆ ಆಗಬಾರದು ಅಂದಿದ್ದರಲ್ಲ?"

"ಅಮ್ಮಾ, ಆ 400 ಚಿಕಿತ್ಸೆಯ ದಿನದ ಲೆಕ್ಕ" ಅಂದೆ. ಕಣ್ಣಿಗೆ ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿ ಹಾಕಿ ಅಲ್ಟ್ರಾವಯೊಲೆಟ್ ಬೆಳಕು ಬಿಡುತ್ತಾರೆ. ಡ್ರೆಸ್ಡೆನ್ ಕ್ರಮ ಅನ್ನುವ ಮೂಲ ವಿಧಾನದಲ್ಲಿ ಬೆಳಕು ಬಿಡುವುದು 30 ನಿಮಿಷ. ಆ ಬೆಳಕು ಒಳಪದರವನ್ನು ಸುಡಬಾರದು. ಅದಕ್ಕೇ ಮೇಲ್ಪದರ ಕೆರೆದು ತೆಗೆದ ಮೇಲೂ 400 ಮೈಕ್ರಾನ್ ಉಳಿದಿರಬೇಕು ಅನ್ನುತ್ತಾರೆ. ಚಿಕಿತ್ಸೆ ಆದ ಮೊದಲ ತಿಂಗಳುಗಳಲ್ಲಿ ದಪ್ಪ ಇಳಿಯುವುದು ಸಾಮಾನ್ಯ. ಆಮೇಲೆ ನಿಧಾನವಾಗಿ ಏರಿ, ವರ್ಷದ ಹೊತ್ತಿಗೆ ಬಹಳಷ್ಟು ಜನರಲ್ಲಿ ಮೊದಲಿನ ಮಟ್ಟದ ಹತ್ತಿರಕ್ಕೆ ಬರುತ್ತದೆ.

ಇನ್ನೊಂದು ವಿಷಯ ಮೆಷಿನ್‌ದು. ಪೆಂಟಾಕ್ಯಾಮ್ ಅನ್ನುವ ಮೆಷಿನ್ ಬೆಳಕಿನಿಂದ ಕಾರ್ನಿಯಾದ ಚಿತ್ರ ತೆಗೆದು ದಪ್ಪ ಲೆಕ್ಕ ಹಾಕುತ್ತದೆ. ಚಿಕಿತ್ಸೆಯ ನಂತರ ಕಾರ್ನಿಯಾದಲ್ಲಿ ಸ್ವಲ್ಪ ಮಬ್ಬು ಬರುತ್ತದೆ. ಆ ಮಬ್ಬಿನಿಂದಾಗಿ ಅದು ನಿಜಕ್ಕಿಂತ ಕಡಿಮೆ ತೋರಿಸಬಹುದು. ನನ್ನ ಹತ್ತಿರ ಇರುವುದು ಅಲ್ಟ್ರಾಸೌಂಡ್ ಪ್ಯಾಕಿಮೀಟರ್, ಅಂದರೆ ಶಬ್ದದ ಅಲೆಗಳಿಂದ ಕಾರ್ನಿಯಾ ದಪ್ಪ ಅಳೆಯುವ ಮೆಷಿನ್. ಮರಗಟ್ಟಿಸುವ ಹನಿ ಹಾಕಿ, ಪ್ರೋಬ್ ನೇರವಾಗಿ ಮುಟ್ಟಿಸಿ ಹಲವು ಸಲ ಅಳೆಯುತ್ತೇನೆ. ಆದರೆ ಅದು ನಾನು ಮುಟ್ಟಿಸಿದ ಜಾಗದ ದಪ್ಪ ಮಾತ್ರ. ಕೆರಟೋಕೋನಸ್‌ನಲ್ಲಿ ತೀರಾ ತೆಳುವಾದ ಜಾಗ ಸಾಮಾನ್ಯವಾಗಿ ನಡುವಿನಿಂದ ಕೆಳಗೆ, ಕಿವಿಯ ಕಡೆಗೆ ಇರುತ್ತದೆ. ಹಾಗಾಗಿ ಆಸ್ಪತ್ರೆಯ ಪೆಂಟಾಕ್ಯಾಮ್ ಅಂಕಿಯನ್ನೂ ಇಲ್ಲಿಯ ನನ್ನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಕಳೆಯುವ ಲೆಕ್ಕ ಮಾಡಲೇಬಾರದು. ಕಾರ್ಡಿನಲ್ಲಿ ಅಂಕಿಯ ಜೊತೆ ಮೆಷಿನ್, ಜಾಗ, ಗಂಟೆ ಮೂರನ್ನೂ ಬರೆಯುತ್ತೇನೆ.

ಗಂಟೆ ಯಾಕೆ ಅಂದರೆ, ರಾತ್ರಿ ಕಣ್ಣು ಮುಚ್ಚಿದ್ದಾಗ ಕಾರ್ನಿಯಾ ಸ್ವಲ್ಪ ಊದಿಕೊಳ್ಳುತ್ತದೆ. ಮೊದಲ ಬಸ್ಸಿಗೆ ಬಂದವರನ್ನೂ ನಾನು ಕೂರಿಸಿ, 11ರ ನಂತರವೇ ಅಳೆಯುವುದು. ಕಾಫಿ ಕುಡಿದು ಬನ್ನಿ ಅಂತೀನಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲೇ ತೆಗೆದಿಟ್ಟಿರಬೇಕು, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ ದಿನ.

ದಪ್ಪ ಒಂದನ್ನೇ ನೋಡಿ ಕಾಯಿಲೆ ಮುಂದುವರಿದಿದೆ ಅಂತ ನಾನು ಹೇಳುವುದಿಲ್ಲ. ಕಾರ್ನಿಯಾದ ಉಬ್ಬು ಹೇಳುವ ಕೆ ರೀಡಿಂಗ್, ಕನ್ನಡಕದ ನಂಬರ್, ದೃಷ್ಟಿ ಎಲ್ಲವನ್ನೂ ಸೇರಿಸಿ ನೋಡಬೇಕು. ವರ್ಷ ಕಳೆದ ಮೇಲೂ ಉಬ್ಬು ಏರುತ್ತಾ, ದಪ್ಪ ಇಳಿಯುತ್ತಾ ಇದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ, ಹಳೆಯ ರಿಪೋರ್ಟ್‌ಗಳ ಜೊತೆ ಕಳಿಸುತ್ತೇನೆ.